ಹಳ್ಳದ ನೆರೆಗೆ ತಡೆ-ಒಡ್ಡು: ಜಾಗದ ಆಯ್ಕೆಯಿಂದ ಮಳೆಗಾಲದ ಕಾವಲಿನವರೆಗೆ

ಧಾರವಾಡ, ಗದಗ, ಹಾವೇರಿ ಸೀಮೆಯ ಸಣ್ಣ ಹಳ್ಳಗಳು ವರ್ಷದ ಬಹುಪಾಲು ಒಣಗಿಯೇ ಇರುತ್ತವೆ. ಬಂದಾಗ ಮಾತ್ರ ಎರಡು ತಾಸಿನಲ್ಲಿ ಬಂದು, ರಸ್ತೆ ಕಿತ್ತು, ಹೊಲದ ಮೇಲ್ಮಣ್ಣು ಹೊತ್ತುಕೊಂಡು ಹೋಗಿಬಿಡುತ್ತವೆ. ಆ ಎರಡು ತಾಸಿನ ನೀರನ್ನು ಐದಾರು ತಾಸಿಗೆ ಹಂಚಿ ಬಿಟ್ಟರೆ ಕೆಳಗಿನ ಸೇತುವೆ, ಕೊಟ್ಟಿಗೆ, ಬೆಳೆ ಉಳಿಯುತ್ತವೆ. ನೆರೆ ತಡೆಯುವ ಮಣ್ಣಿನ ಒಡ್ಡಿನ ಕೆಲಸ ಇಷ್ಟೇ: ನೀರನ್ನು ಹಿಡಿದು, ಮೆಲ್ಲಗೆ ಬಿಡುವುದು.

ಇದು ಕೆರೆಯಲ್ಲ. ಕೆರೆ ತುಂಬಿದ್ದರೆ ಊರಿಗೆ ಖುಷಿ. ತಡೆ-ಒಡ್ಡಿನ ಹೊಟ್ಟೆ ಮಾತ್ರ ಯಾವಾಗಲೂ ಬರಿದಾಗಿರಬೇಕು. ಅದು ತುಂಬಿಕೊಂಡು ನಿಂತಿರುವಾಗ ಇನ್ನೊಂದು ಮಳೆ ಬಂದರೆ ಒಡ್ಡು ಇದ್ದೂ ಇಲ್ಲದಂತೆ. 'ಹೇಗೂ ಕಟ್ಟಿದ್ದೇವೆ, ಬೇಸಿಗೆಗೆ ನೀರೂ ನಿಲ್ಲಲಿ' ಎಂದು ನೀರು ಮೆಲ್ಲಗೆ ಬಿಡುವ ಕೊಳವೆ ಮುಚ್ಚುವುದು, ಮಿಕ್ಕ ನೀರು ಹೊರಹೋಗುವ ಕೋಡಿಗೆ ಉಸುಕಿನ ಚೀಲ ಪೇರಿಸುವುದು ಎಲ್ಲ ಕಡೆ ನಡೆಯುತ್ತದೆ. ಒಡ್ಡು ಒಡೆಯುವುದು ಅಲ್ಲಿಂದಲೇ ಶುರು. ಹಾಗಾಗಿ ಈ ಬರಹದಲ್ಲಿ ಮೊದಲು ನೀರು ಹೊರಹೋಗುವ ದಾರಿಗಳು, ಆಮೇಲೆ ಮಣ್ಣಿನ ಗೋಡೆ. ಕಟ್ಟುವಾಗಲೂ ಇದೇ ಕ್ರಮ ಇರಲಿ.

ಒಂದು ಮಿತಿಯನ್ನು ಮೊದಲೇ ಹೇಳಬೇಕು. ಶಿಗ್ಗಾಂವಿ ಕಡೆ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ದಾಟಿ ಮಲಪ್ರಭೆ ಸೇರುವ ಬೆಣ್ಣಿಹಳ್ಳದಂಥ ದೊಡ್ಡ ಹಳ್ಳಕ್ಕೆ ಅಡ್ಡಲಾಗಿ ಇಂಥ ಒಡ್ಡು ಹಾಕುವಂತಿಲ್ಲ. ಅದರ ಪಾತ್ರ ಅಗಲ, ಇಳಿಜಾರು ತೀರಾ ಕಡಿಮೆ, ತಳದಲ್ಲಿ ಆಳದ ಎರೆ ಮಣ್ಣು. ಇಲ್ಲಿ ಹೇಳುತ್ತಿರುವುದು ಆ ಹಳ್ಳಗಳಿಗೆ ಸೇರುವ ಸಣ್ಣ ಸರುವುಗಳ ಮಾತು: 100 ಹೆಕ್ಟೇರಿನ ಒಳಗಿನ ಜಲಾನಯನ (ಮಳೆನೀರು ಹರಿದು ಬರುವ ನೆಲ), 5 ಮೀಟರ್ ಒಳಗಿನ ಎತ್ತರ. ಒಡ್ಡಿನ ಕೆಳಗೆ ಹತ್ತಿರದಲ್ಲಿ ಮನೆ, ಶಾಲೆ, ದನದ ಹಟ್ಟಿ ಇದ್ದರೆ ಎತ್ತರ ಎಷ್ಟೇ ಇರಲಿ, ಅನುಭವವುಳ್ಳ ಸಿವಿಲ್ ಎಂಜಿನಿಯರ್ ನಕ್ಷೆಗೆ ಸಹಿ ಹಾಕದೆ ಒಂದು ಬುಟ್ಟಿ ಮಣ್ಣೂ ಬೀಳಬಾರದು.

ಜಾಗ, ಕಾಗದ

ಎರಡು ದಿಬ್ಬಗಳು ಹತ್ತಿರ ಬಂದು, ಮೇಲ್ಗಡೆ ತಟ್ಟೆಯಂತೆ ಅಗಲವಾಗುವ ಜಾಗ ಬೇಕು. ಕಪ್ಪತಗುಡ್ಡದ ಬುಡದ ಶಿರಹಟ್ಟಿ, ಮುಂಡರಗಿ ಕಡೆ, ಹಿರೇಕೆರೂರು, ಬ್ಯಾಡಗಿ, ಕಲಘಟಗಿಯ ಮಸಾರಿ, ಅಂದರೆ ಕೆಂಪು ನೆಲದಲ್ಲಿ ಇಂಥವು ಸಿಗುತ್ತವೆ. ನವಲಗುಂದ, ರೋಣದ ಎರೆ ಬಯಲಿನಲ್ಲಿ ಸಿಗುವುದು ಅಪರೂಪ. ಅಲ್ಲಿ ಒಡ್ಡು ಉದ್ದವಾಗುತ್ತದೆ, ನೀರು ತೆಳ್ಳಗೆ ಹರಡಿ ಹತ್ತಾರು ಎಕರೆ ಹೊಲ ಮುಳುಗುತ್ತದೆ. ಒಡ್ಡಿನ ಒಂದು ತುದಿಯಲ್ಲಾದರೂ ಗಟ್ಟಿ ಗರಸಿನ (ಕಲ್ಲು ಬೆರೆತ ಒರಟು ಮಣ್ಣಿನ) ದಿಬ್ಬ ಇರಲೇಬೇಕು, ಏಕೆಂದರೆ ಕೋಡಿಯನ್ನು ಅಲ್ಲಿ ಕೊರೆಯಬೇಕು.

ಒಡ್ಡಿನ ಗೆರೆಯ ಮೇಲೆ ಹುತ್ತ ಇದೆಯೇ ನೋಡಿ. ಹುತ್ತದ ಕೆಳಗೆ ಗೆದ್ದಲಿನ ಸುರಂಗಗಳು ಮೀಟರುಗಟ್ಟಲೆ ಇಳಿದಿರುತ್ತವೆ. ನೀರು ಅದೇ ದಾರಿ ಹಿಡಿಯುತ್ತದೆ. ಜನ ಹಾಲೆರೆಯುವ ಹುತ್ತವಾಗಿದ್ದರೆ ಅಗೆಯುವ ಮಾತೇ ಬೇಡ, ಒಡ್ಡಿನ ಗೆರೆಯನ್ನೇ ಸರಿಸಿ.

ಹಳ್ಳದ ಖರಾಬು (ಸಾಗುವಳಿಗೆ ಬಾರದ ನೆಲ) ಸರಕಾರದ್ದು. ಗ್ರಾಮ ನಕಾಶೆ, ಅಕ್ಕಪಕ್ಕದ ಸರ್ವೆ ನಂಬರುಗಳ ಉತಾರ (ಪಹಣಿ) ತೆಗೆಸಿ, ಮುಳುಗುವ ಪ್ರತಿ ಹೊಲದ ಒಡೆಯರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಐದಾರು ತಾಸು ನಿಂತು ಹೋಗುವ ನೀರನ್ನು ಬೆಳೆದ ಜೋಳ ತಾಳಿಕೊಳ್ಳುತ್ತದೆ; ಉಳ್ಳಾಗಡ್ಡಿ, ಮೆಣಸಿನಕಾಯಿಗೆ ಅಷ್ಟು ತಾಳಿಕೆ ಇಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಮುಂದೆ ಜಗಳ ಇರುವುದಿಲ್ಲ. ಗ್ರಾಮ ಪಂಚಾಯಿತಿ ಠರಾವು, ತಹಶೀಲ್ದಾರ್ ಕಚೇರಿ ಮತ್ತು ಸಣ್ಣ ನೀರಾವರಿ ಇಲಾಖೆಯ ಒಪ್ಪಿಗೆ ಬೇಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅದರ ಗಡಿಯೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗುದ್ದಲಿ ಹಾಕುವಂತಿಲ್ಲ.

ಎಷ್ಟು ನೀರು ಬರುತ್ತದೆ

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಅದನ್ನೇ ಲೆಕ್ಕ ಮಾಡೋಣ. ಜಲಾನಯನ 60 ಹೆಕ್ಟೇರ್, ಅಂದರೆ ಸುಮಾರು 150 ಎಕರೆ. ತುತ್ತತುದಿಯಿಂದ ಒಡ್ಡಿನವರೆಗೆ ಹಳ್ಳದ ಉದ್ದ 1,200 ಮೀಟರ್, ಇಳಿಜಾರು 100ಕ್ಕೆ ಒಂದೂವರೆ. ಇಂಥ ಜಾಗದಲ್ಲಿ ತುದಿಯ ಹನಿ ಒಡ್ಡಿಗೆ ಮುಟ್ಟಲು ಸುಮಾರು 23 ನಿಮಿಷ ಸಾಕು. ಹಾಗಾಗಿ ದಿನದ ಮಳೆಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು. ಅರ್ಧ ತಾಸಿನಲ್ಲಿ ಎಷ್ಟು ಬಿರುಸಾಗಿ ಸುರಿಯಿತು ಎಂಬುದೇ ಮುಖ್ಯ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ನಿಮ್ಮ ಪಂಚಾಯಿತಿಯ ಹಳೆಯ ದಾಖಲೆಯಿಂದ ಈ ಬಿರುಸನ್ನು ತೆಗೆಯಬೇಕು.

ಉದಾಹರಣೆಗೆ ತಾಸಿಗೆ 90 ಮಿ.ಮೀ. ಬಿರುಸು ಇಟ್ಟುಕೊಳ್ಳೋಣ. ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು 0.4. ಸೂತ್ರ: ಪಾಲು × ಬಿರುಸು × ಹೆಕ್ಟೇರ್ ÷ 360. ಅಂದರೆ 0.4 × 90 × 60 ÷ 360 = ಸೆಕೆಂಡಿಗೆ 6 ಘನ ಮೀಟರ್. ಇದು ನೆರೆಯ ನೆತ್ತಿ.

ಪಾಲಿನ ಅಂಕಿಯಲ್ಲೇ ಹೆಚ್ಚು ಜನ ತಪ್ಪುವುದು. ಜೂನಿನಲ್ಲಿ ಎರೆ ನೆಲ ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಗಳನ್ನು ಬಿರುಕುಗಳೇ ಕುಡಿಯುತ್ತವೆ, ಹಳ್ಳ ಬರುವುದೇ ಇಲ್ಲ. ಹುಬ್ಬಿ, ಉತ್ತರಿ ಮಳೆ ಹೊತ್ತಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿರುತ್ತದೆ. ಆಗ ಅದೇ ಹೊಲ ಹೆಂಚಿನಂತೆ ನೀರು ಜಾರಿಸುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಹಾನೆರೆಯನ್ನು ನೆನಪಿಸಿಕೊಳ್ಳಿ. ಬೆಳೆ ಇರುವ ಮಸಾರಿಗೆ 0.3 ಸಾಲಬಹುದು, ತೊಯ್ದ ಎರೆಗೆ 0.5ಕ್ಕಿಂತ ಕಡಿಮೆ ಇಡಬೇಡಿ. ಜೂನ್ ತಿಂಗಳ ಹಳ್ಳ ನೋಡಿ ಒಡ್ಡಿನ ಅಳತೆ ಹಾಕಲೇಬಾರದು.

ಈಗ ಒಟ್ಟು ನೀರು. ಒಂದು ರಾತ್ರಿ 75 ಮಿ.ಮೀ. ಬಿದ್ದು ಅದರ 0.4 ಪಾಲು ಹರಿದರೆ 30 ಮಿ.ಮೀ.; 60 ಹೆಕ್ಟೇರಿಗೆ 18,000 ಘನ ಮೀಟರ್. ಒಡ್ಡಿನ ಕೊಳವೆ ಸೆಕೆಂಡಿಗೆ 1.2 ಘನ ಮೀಟರ್ ಬಿಡುತ್ತದೆ ಎಂದಾದರೆ ಹಿಡಿದಿಡಬೇಕಾದದ್ದು ಅಂದಾಜು 18,000 × (1 − 1.2 ÷ 6) = 14,400 ಘನ ಮೀಟರ್. ಇಂಥ ಕಣಿವೆಯಲ್ಲಿ ಹೊಟ್ಟೆಯ ಅಳತೆ ಸುಮಾರು 0.4 × ಆಳ × ನೀರಿನ ಹರವು. ಆಳ 3 ಮೀಟರ್ ಆದರೆ ಹರವು 12,000 ಚದರ ಮೀಟರ್, ಹತ್ತಿರ ಹತ್ತಿರ ಮೂರು ಎಕರೆ. ಡಂಪಿ ಲೆವೆಲ್ (ನೆಲದ ಮಟ್ಟ ಅಳೆಯುವ ದುರ್ಬೀನು) ಇಟ್ಟು ಅರ್ಧ ಅರ್ಧ ಮೀಟರಿಗೆ ಸಮಪಾತಳಿ ಗೆರೆ ಎಳೆದು ಈ ಮೂರು ಎಕರೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಮಾಡಿ ರೈತರಿಗೆ ತೋರಿಸಿ. ಒಪ್ಪಿಗೆಯ ಕಾಗದಕ್ಕಿಂತ ಈ ಸುಣ್ಣದ ಗೆರೆ ಹೆಚ್ಚು ಹೇಳುತ್ತದೆ.

ಎರಡು ದಾರಿ: ಕೊಳವೆ ಮತ್ತು ಕೋಡಿ

ಕೊಳವೆ ಪ್ರತಿ ಮಳೆಗೂ ದುಡಿಯುತ್ತದೆ. ಅದಕ್ಕೆ ಗೇಟು ಬೇಡ. ಗೇಟು ಇದ್ದರೆ ಯಾರಾದರೂ ಮುಚ್ಚುತ್ತಾರೆ. 600 ಮಿ.ಮೀ. ಒಳವ್ಯಾಸದ ಎನ್‌ಪಿ-3 ದರ್ಜೆಯ ಸಿಮೆಂಟ್ ಪೈಪು, ತಲಾ 2.5 ಮೀಟರಿನವು 11. ನೀರು ಪೈಪಿನ ಹೊರಬಾಯಿಯ ನಡುಮಟ್ಟಕ್ಕಿಂತ ಎರಡೂವರೆ ಮೀಟರ್ ಮೇಲಿದ್ದಾಗ ಇದು ಸೆಕೆಂಡಿಗೆ ಸುಮಾರು 1.2 ಘನ ಮೀಟರ್ ಹೊರಹಾಕುತ್ತದೆ.

ಒಳಬಾಯಿಗೆ ಕಾಂಕ್ರೀಟ್ ತೊಟ್ಟಿ ಕಟ್ಟಿ, ಅದರ ಹೊಸ್ತಿಲನ್ನು ಹಳ್ಳದ ತಳಕ್ಕಿಂತ 30 ಸೆಂ.ಮೀ. ಮೇಲೆ ಇಡಿ, ಹೂಳಿಗೆ ಅಷ್ಟು ಜಾಗ ಬೇಕು. ತೊಟ್ಟಿಯ ಮೇಲೆ ಓರೆಯಾಗಿ ಜಾಲರಿ: 16 ಮಿ.ಮೀ. ಸರಳು, ನಡುವೆ 15 ಸೆಂ.ಮೀ. ಸಂದು. ಪೈಪಿನ ಬಾಯಿ 0.28 ಚದರ ಮೀಟರ್; ಜಾಲರಿ ಅದರ ಎಂಟು ಹತ್ತು ಪಟ್ಟು, ಅಂದರೆ ಎರಡೂವರೆ ಚದರ ಮೀಟರ್ ಆದರೂ ಇರಲಿ. ಸಣ್ಣ ಜಾಲರಿ ಹತ್ತಿಕಟ್ಟಿಗೆ, ಜೋಳದ ದಂಟು, ಪ್ಲಾಸ್ಟಿಕ್ ಚೀಲಕ್ಕೆ ಹತ್ತೇ ನಿಮಿಷದಲ್ಲಿ ಮುಚ್ಚಿಹೋಗುತ್ತದೆ.

ಪೈಪಿನ ಕೆಳಗೆ ಉಸುಕು ಹಾಸುವ ರೂಢಿ ರಸ್ತೆ ಮೋರಿಗೆ ಸರಿ, ಒಡ್ಡಿಗೆ ಪ್ರಾಣಾಂತಿಕ. ಉಸುಕಿನ ಹಾಸು ಒಳಗಿನಿಂದ ಹೊರಗೆ ನೀರು ನುಸುಳಲು ನೇರ ಓಣಿ ಆಗುತ್ತದೆ. ಗಟ್ಟಿ ನೆಲ ಕೊರೆದು, ಪೈಪಿನ ಕೆಳಗಿನ ಮೂರನೇ ಒಂದು ಭಾಗ ಕೂರುವಂತೆ ಎಂ-15 ದರ್ಜೆಯ ಕಾಂಕ್ರೀಟ್ ತೊಟ್ಟಿಲು ಹಾಕಿ. ಕೀಲುಗಳನ್ನು ಗಾರೆಯಿಂದ ಮುಚ್ಚಿ, ಮಣ್ಣು ಹಾಕುವ ಮುನ್ನ ನೀರು ತುಂಬಿಸಿ ಒಂದು ದಿನ ನೋಡಿ. ಪೈಪಿನ ಸುತ್ತ 60 ಸೆಂ.ಮೀ. ತನಕ ರೋಲರ್ ಸುಳಿಯಬಾರದು, 10 ಸೆಂ.ಮೀ. ಪದರ ಹಾಕಿ ಕೈ ದಿಮ್ಮಸಿನಿಂದ ಅಥವಾ ಪ್ಲೇಟ್ ಕಾಂಪ್ಯಾಕ್ಟರಿನಿಂದ ಬಡಿಯಬೇಕು. ಮುಖ್ಯವಾಗಿ ಪೈಪಿನ ಕಂಕುಳ. ಗುಂಡಗಿನ ಪೈಪು ನೆಲಕ್ಕೆ ತಾಗುವ ಆ ಮೂಲೆಗೆ ದಿಮ್ಮಸು ಮುಟ್ಟುವುದಿಲ್ಲ. ತೊಟ್ಟಿಲು ಹಾಕುವುದೇ ಆ ಮೂಲೆ ತುಂಬಲೆಂದು.

ಹಿಂದೆ ಪೈಪಿಗೆ ಅಲ್ಲಲ್ಲಿ ಕಾಂಕ್ರೀಟ್ ಬಳೆ ತೊಡಿಸುತ್ತಿದ್ದರು, ನುಸುಳುವ ನೀರಿಗೆ ದಾರಿ ಉದ್ದವಾಗಲಿ ಎಂದು. ಬಳೆಯ ಪಕ್ಕದಲ್ಲಿ ಮಣ್ಣು ಬಡಿಯಲು ಆಗುವುದಿಲ್ಲ, ಹಾಗಾಗಿ ಅದೇ ದುರ್ಬಲ ಜಾಗವಾಯಿತು. ಈಗಿನ ಒಳ್ಳೆಯ ಪದ್ಧತಿ ಉಸುಕಿನ ಸೋಸುಗೋಡೆ: ಪೈಪಿನ ಹೊರತುದಿಯ ಮೂರನೇ ಒಂದು ಭಾಗದಲ್ಲಿ, ಪೈಪಿನ ಸುತ್ತ ಎಲ್ಲ ಕಡೆ 1.8 ಮೀಟರ್ ಚಾಚಿದ, 90 ಸೆಂ.ಮೀ. ದಪ್ಪದ, ತೊಳೆದ ಕಾಂಕ್ರೀಟ್ ಉಸುಕಿನ ಗೋಡೆ. ನೀರು ನುಸುಳಿ ಬಂದರೂ ಮಣ್ಣಿನ ಕಣ ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ತಿಳಿನೀರು ಹೊರಬರಲು ಒಡ್ಡಿನ ಹೊರಬುಡದಲ್ಲಿ ಕಟ್ಟುವ ಕಲ್ಲುಗಟ್ಟಿನವರೆಗೆ ಉಸುಕಿನ ಪಟ್ಟಿ ಬೇಕು. ತಳಕ್ಕೆ ಹಾಸುವ ಉಸುಕು ಬೇಡ, ಇಲ್ಲಿ ಬೇಕು ಎಂದರೆ ವಿರೋಧ ಅನಿಸಬಹುದು. ವ್ಯತ್ಯಾಸ ಇಷ್ಟೇ, ಅದು ಒಳಮೈಯಿಂದಲೇ ಹೊರಡುವ ಓಣಿ, ಇದು ಹೊರತುದಿಯಲ್ಲಿ ಅಡ್ಡ ನಿಂತ ಜರಡಿ.

ಹೊರಬಾಯಿಯಲ್ಲಿ ನೀರಿನ ವೇಗ ಸೆಕೆಂಡಿಗೆ 4 ಮೀಟರ್ ದಾಟುತ್ತದೆ. 30–40 ಸೆಂ.ಮೀ. ಗಾತ್ರದ ಕಲ್ಲುಗಳ ಹಾಸು, ಕೆಳಗೆ 15 ಸೆಂ.ಮೀ. ಖಡಿ (ಜಲ್ಲಿ), ಉದ್ದ ಐದು ಮೀಟರ್. ಇದಿಲ್ಲದಿದ್ದರೆ ಮೊದಲ ವರ್ಷವೇ ಗುಂಡಿ ಬಿದ್ದು ಕೊನೆಯ ಪೈಪು ಜೋತಾಡುತ್ತದೆ.

ಕೋಡಿ ದುಡಿಯುವುದು ಅಪರೂಪಕ್ಕೆ, ಆದರೆ ಒಡ್ಡಿನ ಜೀವ ಅದರಲ್ಲೇ ಇದೆ. ಲೆಕ್ಕ ಹಾಕುವಾಗ ಕೊಳವೆ ಪೂರ್ತಿ ಕಟ್ಟಿಕೊಂಡಿದೆ, ಹೊಟ್ಟೆ ತುಂಬಿದೆ, ನೆರೆ ಒಂದೂವರೆ ಪಟ್ಟು ಬಂದಿದೆ ಎಂದೇ ಹಿಡಿಯಿರಿ: ಸೆಕೆಂಡಿಗೆ 9 ಘನ ಮೀಟರ್. ಕೋಡಿಯ ಮೇಲೆ 60 ಸೆಂ.ಮೀ. ಆಳ ಹರಿದರೆ ಒಂದು ಮೀಟರ್ ಅಗಲಕ್ಕೆ 0.79 ಘನ ಮೀಟರ್ ಹೋಗುತ್ತದೆ (1.7 × ಆಳದ ಒಂದೂವರೆ ಘಾತ). ಹಾಗಾದರೆ ಅಗಲ ಹನ್ನೆರಡು ಮೀಟರ್. ಅಷ್ಟಗಲ ಕಂಡು ಜನ ಬೆಚ್ಚಿ ನಾಲ್ಕಕ್ಕೆ ಇಳಿಸುತ್ತಾರೆ. ದಯವಿಟ್ಟು ಇಳಿಸಬೇಡಿ. 1979ರ ಆಗಸ್ಟ್ 11ರಂದು ಗುಜರಾತಿನ ಮೊರ್ಬಿ ಊರನ್ನು ನುಂಗಿದ ಮಚ್ಛು-2 ಅಣೆಕಟ್ಟು ಒಡೆದದ್ದು ಅದರ ಹೊರದಾರಿಗಳ ಅಳತೆ ಮೀರಿ ನೀರು ಬಂದು, ಮಣ್ಣಿನ ಭಾಗದ ಮೇಲೆ ಉಕ್ಕಿದ್ದರಿಂದ. ಮಣ್ಣಿನ ಒಡ್ಡಿನ ತಲೆಯ ಮೇಲೆ ನೀರು ಹರಿಯಲು ಶುರುವಾದರೆ ಉಳಿಸಲು ಸಿಗುವ ಸಮಯ ಬಹಳ ಕಡಿಮೆ.

ಕೋಡಿಯನ್ನು ಒಡ್ಡಿನ ಮೇಲೆ ಮಾಡಬಾರದು. ತುದಿಯ ದಿಬ್ಬದ ಹುಟ್ಟುನೆಲದಲ್ಲಿ ಕೊರೆದು, ನೀರು ಒಡ್ಡಿನ ಬುಡಕ್ಕೆ ತಾಗದಂತೆ ಸುತ್ತುಬಳಸಿ ಹಳ್ಳ ಸೇರಿಸಬೇಕು. ಮಟ್ಟ ಕದಲದಿರಲು 30 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಕಾಂಕ್ರೀಟ್ ಪಟ್ಟಿಯನ್ನು ಅಡ್ಡಲಾಗಿ ಹೂಳಿ, ಉದ್ದಕ್ಕೂ ಒಂದೇ ಮಟ್ಟ ಇದೆಯೇ ನೋಡಿ. ಒಂದು ಮೂಲೆ ತಗ್ಗಿದ್ದರೆ ನೀರೆಲ್ಲ ಅಲ್ಲೇ ಕೂಡಿ ಕೊರಕಲು ಬೀಳುತ್ತದೆ. ಅಂಚಿನಲ್ಲಿ ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಹತ್ತಿರ ಇರುವುದರಿಂದ ಬರಿ ಗರಸು ತಾಳುವುದಿಲ್ಲ. ಪಟ್ಟಿಯ ಕೆಳಗೆ ಕಲ್ಲು ಹಾಸಿ, ಮುಂದಕ್ಕೆ ಕರಿಕೆ ಹುಲ್ಲು ಬೆಳೆಸಿ.

ಇಷ್ಟಾದರೆ ಎತ್ತರಗಳು ತಾನಾಗಿ ಬರುತ್ತವೆ. ಹಳ್ಳದ ತಳ ಸೊನ್ನೆ, ತೊಟ್ಟಿಯ ಹೊಸ್ತಿಲು 0.3, ಕೋಡಿ 3.0, ಅತಿ ಹೆಚ್ಚಿನ ನೀರು 3.6, ಅದರ ಮೇಲೆ ಒಂದು ಮೀಟರ್ ಒಣ ಅಂಚು, ಒಡ್ಡಿನ ತಲೆ 4.6. ಚೆನ್ನಾಗಿ ರೋಲ್ ಮಾಡಿದ ಮಣ್ಣೂ ಶೇ 5ರಷ್ಟು ಕುಸಿಯುತ್ತದೆ, ಆದ್ದರಿಂದ ನಡುಭಾಗವನ್ನು 4.85ಕ್ಕೆ ಕಟ್ಟಿ.

ಇಷ್ಟು ಸಣ್ಣ ಒಡ್ಡು ತುಂಬಿದಾಗ ಒಡೆದರೆ, ಸಾಮಾನ್ಯವಾಗಿ ಬಳಸುವ ಸೂತ್ರಗಳ ಪ್ರಕಾರ ಸೆಕೆಂಡಿಗೆ 50 ಘನ ಮೀಟರ್ ಹತ್ತಿರ ನೀರು ನುಗ್ಗಬಹುದು. ಒಡ್ಡೇ ಇಲ್ಲದಿದ್ದಾಗಿನ ನೆರೆಯ ಏಳೆಂಟು ಪಟ್ಟು. ಕೆಟ್ಟ ಒಡ್ಡಿಗಿಂತ ಒಡ್ಡಿಲ್ಲದ ಹಳ್ಳವೇ ಊರಿಗೆ ಸುರಕ್ಷಿತ.

ಮಣ್ಣಿನ ಪರೀಕ್ಷೆ

ಒಡ್ಡಿನ ಗೆರೆಯಲ್ಲಿ 20–25 ಮೀಟರಿಗೊಂದು ತಗ್ಗು, 3 ಮೀಟರ್ ಆಳ ಅಥವಾ ಗಟ್ಟಿ ಪದರ ಸಿಗುವವರೆಗೆ ತೆಗೆಸಿ. ಮಣ್ಣು ತೆಗೆಯುವ ಹೊಲದಲ್ಲೂ ಹಾಗೆಯೇ.

ಬೇಕಾದದ್ದು ಜೇಡಿಯೂ ಉಸುಕೂ ಗರಸೂ ಕೂಡಿದ ಮಣ್ಣು, ಜೇಡಿ ಶೇ 20ರಿಂದ 30. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಒಂದು ದಿನ ಬಿಟ್ಟರೆ ಉಸುಕು, ರೇವೆ, ಜೇಡಿ ಪದರ ಪದರ ಕೂತು ಅಂದಾಜು ಕೊಡುತ್ತವೆ.

ಎರೆ ಮಣ್ಣು ನೀರು ಬಿಡುವುದಿಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಅದು ಬಿರಿಯುತ್ತದೆ, ಬಿರುಕಿನಲ್ಲಿ ಮೊದಲ ಮಳೆಯ ನೀರು ಇಳಿದು ಒಡ್ಡನ್ನು ಒಳಗಿನಿಂದ ಕೊರೆಯುತ್ತದೆ. ಜಿಗುಟು ಒಡ್ಡಿಗೆ ತುಂಬಿದ ನೀರು ಬೇಗ ಇಳಿದಾಗ ಒಳಮೈ ಜಾರುವ ಅಪಾಯವೂ ಹೆಚ್ಚು, ಮತ್ತು ತಡೆ-ಒಡ್ಡಿನಲ್ಲಿ ನೀರು ಬೇಗ ಇಳಿಯುವುದು ಪ್ರತಿ ಸಲದ ಮಾತು. ಆದ್ದರಿಂದ ಎರೆಯನ್ನು ನಡುವಿನ ಗರ್ಭಕ್ಕೆ ಮಾತ್ರ ಬಳಸಿ, ಹೊರಗೆಲ್ಲ ಕನಿಷ್ಠ ಒಂದು ಮೀಟರ್ ಗರಸಿನ ಕವಚ ಹೊದಿಸಿ. ಎಷ್ಟು ಉಬ್ಬುತ್ತದೆ ಎಂದು ತಿಳಿಯಲು 10 ಗ್ರಾಂ ಒಣ ಜರಡಿ ಮಣ್ಣನ್ನು 100 ಮಿ.ಲೀ. ಅಳತೆ ಜಾಡಿ ಒಂದರಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ, 24 ತಾಸಿನ ಮೇಲೆ ಎರಡೂ ಮಟ್ಟ ಓದಿ. ಸೀಮೆಎಣ್ಣೆಯದಕ್ಕಿಂತ ನೀರಿನದು ಶೇ 50ಕ್ಕಿಂತ ಹೆಚ್ಚು ಉಬ್ಬಿದ್ದರೆ ಆ ಮಣ್ಣು ಹೊರಮೈಗೆ ಬೇಡವೇ ಬೇಡ.

ಇನ್ನೊಂದು ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ಅತ್ಯಂತ ಅಗ್ಗದ್ದು ಅದೇ. ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ನೀರು ತೆಗೆದುಕೊಂಡು, ಕಡಲೆಕಾಳಿನಷ್ಟು ಮಣ್ಣಿನ ಹರಳನ್ನು ಮೆಲ್ಲಗೆ ಬಿಡಿ. ಹರಳು ಕುಸಿದು ಗುಡ್ಡೆಯಾದರೆ ಅಡ್ಡಿ ಇಲ್ಲ. ಅದರ ಸುತ್ತ ಹಾಲಿನಂಥ ಮೋಡ ಏಳತೊಡಗಿದರೆ ಅದು ಕರಗುವ ಸವಳು ಮಣ್ಣು. ಸಕ್ಕರೆ ಕರಗಿದಂತೆ ಒಡ್ಡಿನೊಳಗೆ ಸುರಂಗ ಮಾಡುತ್ತದೆ. ಬೋರಿನ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಗಡಸುತನ ದೋಷವನ್ನು ಮುಚ್ಚಿಡುತ್ತದೆ. ಮೋಡ ಕಂಡರೆ ಬೇರೆ ಮಣ್ಣು ಹುಡುಕಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ನೆಲ-ಜಲ ನಿರ್ವಹಣೆಯ ವಾಲ್ಮಿಯಂಥ ಸಂಸ್ಥೆಗಳಿರುವ ಸೀಮೆ ಇದು. ಮಣ್ಣಿನ ವಿಷಯದಲ್ಲಿ ಅನುಮಾನ ಬಂದರೆ ತಿಳಿದವರು ಹತ್ತಿರದಲ್ಲೇ ಇದ್ದಾರೆ.

ಬುನಾದಿ ಮತ್ತು ಕಟ್ಟುವಿಕೆ

ಕೆಲಸ ಜನವರಿಯಲ್ಲಿ ಹಿಡಿದು ರೋಹಿಣಿ ಕೂಡುವುದರೊಳಗೆ, ಅಂದರೆ ಮೇ 20ರ ಹೊತ್ತಿಗೆ ಮುಗಿಯಬೇಕು. ಏಪ್ರಿಲ್‌ನಲ್ಲಿ ಅಡ್ಡಮಳೆ ಬಂದೇ ಬರುತ್ತದೆ, ಆದ್ದರಿಂದ ಕೊಳವೆ ಮತ್ತು ಕೋಡಿ ಮಾರ್ಚ್ ಒಳಗೆ ತಯಾರಿರಲಿ. ಹಳ್ಳದ ನಡುಭಾಗ ಮುಚ್ಚುವುದು ಕಟ್ಟಕಡೆಗೆ. ಅರ್ಧ ಕಟ್ಟಿದ ಒಡ್ಡನ್ನು ಮಳೆಗಾಲಕ್ಕೆ ಬಿಡುವ ಪರಿಸ್ಥಿತಿ ಬಂದರೆ ಹಳ್ಳದ ದಾರಿ ಪೂರ್ತಿ ತೆರೆದೇ ಇರಬೇಕು.

ಒಡ್ಡು ಕೂರುವ ಜಾಗದ ಮೇಲಿನ 30 ಸೆಂ.ಮೀ. ಮಣ್ಣು, ಹುಲ್ಲು, ಬಳ್ಳಾರಿ ಜಾಲಿಯ ಬೇರು ಎಲ್ಲ ಕಿತ್ತು ಪಕ್ಕಕ್ಕಿಡಿ. ಆ ಮೇಲ್ಮಣ್ಣು ಕೊನೆಯಲ್ಲಿ ಹುಲ್ಲು ಬೆಳೆಸಲು ಬೇಕು. ಜಾಲಿಯ ಬೊಡ್ಡೆ ಬಿಟ್ಟರೆ ಅದು ಕೊಳೆತು ಪೊಳ್ಳಾಗುತ್ತದೆ. ಹಳ್ಳದ ಕಡಿದಾದ ದಂಡೆಗಳನ್ನು ಒಂದಕ್ಕೆ ಒಂದರ ಓರೆಗೆ ಕಡಿಯಿರಿ, ನೆಟ್ಟಗಿನ ಗೋಡೆಗೆ ಹೊಸ ಮಣ್ಣು ಅಂಟುವುದಿಲ್ಲ.

ನಡುಗೆರೆಯಿಂದ ತುಸು ಒಳಬದಿಗೆ ಒಡ್ಡಿನುದ್ದಕ್ಕೂ ಕಂದಕ, ಗುತ್ತಿಗೆದಾರರ ಮಾತಿನಲ್ಲಿ ಕಟ್‌ಆಫ್ ಟ್ರೆಂಚ್. ತಳ 2 ಮೀಟರ್ ಅಗಲ, ಬದಿ ಒಂದಕ್ಕೊಂದು ಓರೆ. ಉಸುಕು, ಸಡಿಲ ಗರಸು ದಾಟಿ ಗಟ್ಟಿ ಪದರದೊಳಗೆ ಕನಿಷ್ಠ 60 ಸೆಂ.ಮೀ. ಇಳಿಯಬೇಕು. ಹಳ್ಳದ ಹಳೆಯ ಉಸುಕನ್ನು ಒಂದು ಹಿಡಿಯೂ ಉಳಿಸಬೇಡಿ. ತಡೆ-ಒಡ್ಡಿನಲ್ಲಿ ಸ್ವಲ್ಪ ನೀರು ಇಂಗಿಹೋದರೆ ನಷ್ಟವಿಲ್ಲ, ಆದರೆ ಬುಡದಲ್ಲಿ ವೇಗವಾಗಿ ನುಸುಳುವ ನೀರು ಮಣ್ಣು ಹೊತ್ತೊಯ್ಯುತ್ತದೆ. ಬೆಟ್ಟದಂಥ ಅಣೆಕಟ್ಟೂ ಹೀಗೆ ಹೋಗಿದೆ: ಅಮೆರಿಕದ ಐಡಹೋ ರಾಜ್ಯದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಮೊದಲ ಸಲ ತುಂಬುತ್ತಿರುವಾಗಲೇ ಒಳಕೊರೆತದಿಂದ ಒಡೆಯಿತು.

ಒಡ್ಡಿನ ತಲೆ 3 ಮೀಟರ್ ಅಗಲ, ಟ್ರ್ಯಾಕ್ಟರ್ ಓಡಾಡಲು. ಒಳ ಇಳಿಜಾರು ಮೂರಕ್ಕೆ ಒಂದು, ಹೊರಗಿನದು ಎರಡಕ್ಕೆ ಒಂದು. ಬುಡ 26 ಮೀಟರ್ ಆಯಿತು. ಉದ್ದ 90 ಮೀಟರ್ ಎಂದಾದರೆ, ತುದಿಗಳಲ್ಲಿ ಎತ್ತರ ಇಳಿಯುವುದರಿಂದ ಒಟ್ಟು ಸುಮಾರು 3,000 ಘನ ಮೀಟರ್ ರೋಲ್ ಆದ ಮಣ್ಣು. ಸಡಿಲವಾಗಿ ತರುವಾಗ ಶೇ 30 ಹೆಚ್ಚು, 3,900 ಘನ ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ 1,380 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಕಂದಕ ತುಂಬುವ ಮಣ್ಣು ಬೇರೆ. ಮಣ್ಣು ತೆಗೆಯುವ ಗುಂಡಿ ಒಡ್ಡಿನ ಬುಡದಿಂದ ಕನಿಷ್ಠ 15 ಮೀಟರ್ ದೂರ ಇರಲಿ.

ಪದರ ಸಡಿಲವಾಗಿ 20 ಸೆಂ.ಮೀ., ರೋಲ್ ಆದ ಮೇಲೆ 15. ಹೆಂಟೆ ಒಡೆಯಿರಿ, 10 ಸೆಂ.ಮೀ.ಗಿಂತ ದೊಡ್ಡ ಕಲ್ಲು ಆರಿಸಿ ಬುಡದ ಕಲ್ಲುಗಟ್ಟಿಗೆ ಹಾಕಿ. 8–10 ಟನ್ನಿನ ಮುಳ್ಳುಚಕ್ರದ ರೋಲರ್ ಎಂಟರಿಂದ ಹನ್ನೆರಡು ಸಲ. 'ಚೈನ್ ಮಶೀನ್ ಮೇಲೆ ಓಡಾಡಿದೆ, ಗಟ್ಟಿಯಾಗಿದೆ' ಎನ್ನುವುದು ಸುಳ್ಳು. ಅಗಲ ಚೈನು ಭಾರವನ್ನು ಹರಡುವಂತೆಯೇ ಮಾಡಿದ್ದು, ಮಣ್ಣು ಒತ್ತಲು ಅಲ್ಲ. ಅಂಚುಗಳನ್ನು ರೋಲರ್ ಮುಟ್ಟದು, ಆದ್ದರಿಂದ ಎರಡೂ ಬದಿ 30 ಸೆಂ.ಮೀ. ಹೆಚ್ಚು ಹಾಕಿ ಆಮೇಲೆ ಕೆತ್ತಿ ತೆಗೆಯಿರಿ. ಹಿಂದಿನ ದಿನದ ಪದರ ಒಣಗಿದ್ದರೆ ಕುಂಟೆ ಹೊಡೆದು ನೀರು ಚಿಮುಕಿಸಿ ಮೇಲಿನದನ್ನು ಹಾಕಿ, ಇಲ್ಲವಾದರೆ ಎರಡು ಪದರ ಎರಡಾಗಿಯೇ ಉಳಿದು ನಡುವೆ ನೀರು ಹರಿಯುತ್ತದೆ.

ಹದದ ಮಾತು. ಹಿಡಿ ಮಣ್ಣು ಮುದ್ದೆ ಮಾಡಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ: ನಾಲ್ಕೈದು ತುಂಡಾದರೆ ಹದ, ಪುಡಿಯಾದರೆ ಒಣ, ರೊಟ್ಟಿಯಂತೆ ಚಪ್ಪಟೆಯಾಗಿ ಕೈಗೆ ನೀರಂಟಿದರೆ ಹಸಿ ಹೆಚ್ಚು. ಮಾರ್ಚಿನ ಮಣ್ಣಿನಲ್ಲಿ ಶೇ 8 ತೇವ ಇದ್ದು ಬೇಕಾದದ್ದು 18 ಎಂದಾದರೆ ಪ್ರತಿ ಘನ ಮೀಟರಿಗೆ ಸುಮಾರು 157 ಲೀಟರ್ ನೀರು ಬೇಕು. 3,000 ಘನ ಮೀಟರಿಗೆ 5,000 ಲೀಟರಿನ 95 ಟ್ಯಾಂಕರ್, ಬಿಸಿಲಿಗೆ ಆರುವುದು ಬೇರೆ. ಈ ನೀರಿನ ಖರ್ಚನ್ನು ಅಂದಾಜಿನಲ್ಲಿ ಹಿಡಿಯದೇ ಇರುವುದರಿಂದಲೇ ಎಷ್ಟೋ ಒಡ್ಡುಗಳು ಒಣಮಣ್ಣಿನ ರಾಶಿಯಾಗಿ ನಿಂತಿವೆ. ನೀರನ್ನು ಒಡ್ಡಿನ ಮೇಲೆ ಸುರಿಯುವುದಕ್ಕಿಂತ ಮಣ್ಣಿನ ಗುಂಡಿಗೆ ಹಿಂದಿನ ಸಂಜೆ ಹಾಯಿಸಿದರೆ ಹದ ಒಂದೇ ಸಮ ಬರುತ್ತದೆ.

ಗಟ್ಟಿತನ ಅಳೆಯದೆ ನಂಬಬೇಡಿ. ಪ್ರಯೋಗಾಲಯದ ಪ್ರಾಕ್ಟರ್ ಅಂಕಿ, ಅಂದರೆ ಹದದಲ್ಲಿ ಬಡಿದ ಮಣ್ಣಿನ ಅತಿ ಹೆಚ್ಚಿನ ಒಣ ಸಾಂದ್ರತೆ, ಘನ ಸೆಂ.ಮೀ.ಗೆ 1.65 ಗ್ರಾಂ ಬಂದರೆ ಒಡ್ಡಿನಲ್ಲಿ ಅದರ ಶೇ 95, ಅಂದರೆ 1.57 ಬೇಕು. 1,000 ಘನ ಸೆಂ.ಮೀ. ಕೋರ್ ಕಟರ್ (ಮಣ್ಣಿನ ಮಾದರಿ ತೆಗೆಯುವ ಉಕ್ಕಿನ ಕೊಳವೆ) ಹೊಡೆದು ತೆಗೆದ ಹಸಿ ಮಣ್ಣು 1,860 ಗ್ರಾಂ, ತೇವ ಶೇ 18 ಇದ್ದರೆ 1,860 ÷ 1.18 = 1,576 ಗ್ರಾಂ; ಪದರ ಪಾಸು. ಪ್ರತಿ ಪದರಕ್ಕೆ ಎರಡು ಕಡೆಯಾದರೂ ನೋಡಿ, ಒಂದು ಪೈಪಿನ ಹತ್ತಿರವೇ ಇರಲಿ. ಫೇಲಾದ ಪದರವನ್ನು ಕಿತ್ತು ಮತ್ತೆ ಹಾಕಬೇಕು. ಸಣ್ಣ ಮಣ್ಣಿನ ಅಣೆಕಟ್ಟುಗಳಿಗೆ ಐಎಸ್ 12169 ಎಂಬ ಭಾರತೀಯ ಮಾನಕ 1987ರಿಂದ ಇದೆ. ಗುತ್ತಿಗೆ ಕರಾರಿನಲ್ಲಿ ಅದರ ಹೆಸರು ಬರೆಸಿ.

ಹೊರಬುಡದಲ್ಲಿ 1.2 ಮೀಟರ್ ಎತ್ತರದ ಕಲ್ಲುಗಟ್ಟು ಬೇಕು. ಮಣ್ಣಿಗೆ ತಾಗಿ 20 ಸೆಂ.ಮೀ. ಉಸುಕು, ಆಮೇಲೆ 20 ಸೆಂ.ಮೀ. ಖಡಿ, ಹೊರಗೆ ಕಲ್ಲು. ಉಸುಕು, ಖಡಿ ಬಿಟ್ಟು ಬರಿ ಕಲ್ಲು ಪೇರಿಸಿದರೆ ಸಂದಿನಲ್ಲಿ ಮಣ್ಣು ಇಳಿದುಹೋಗುತ್ತದೆ. ಒಳಮೈಗೆ ಪೂರ್ತಿ ಪಿಚ್ಚಿಂಗ್ (ಕಲ್ಲಿನ ಹೊದಿಕೆ) ಬೇಡ, ನೀರು ನಿಲ್ಲುವುದು ಕೆಲವೇ ತಾಸು. ತೊಟ್ಟಿಯ ಸುತ್ತ ಮತ್ತು ಕೋಡಿಯ ಹತ್ತಿರ ಸಾಕು. ಉಳಿದೆಡೆ ಎತ್ತಿಟ್ಟ ಮೇಲ್ಮಣ್ಣು ಹರಡಿ ಕರಿಕೆ ನೆಡಿ, ಹೊರ ಇಳಿಜಾರಿಗೆ ಅಡ್ಡಸಾಲಾಗಿ ಲಾವಂಚ. ಮರ ಒಂದೂ ಬೇಡ, ಬೇವೂ ಬೇಡ. ತಲೆಯನ್ನು ಒಳಬದಿಗೆ ತುಸು ವಾಲಿಸಿದರೆ ಮಳೆನೀರು ಹೊರಮೈ ಕೊರೆಯುವುದಿಲ್ಲ.

ಮಳೆಗಾಲದ ಕಾವಲು

ಮೇ ತಿಂಗಳಲ್ಲಿ ಒಮ್ಮೆ, ಪ್ರತಿ ದೊಡ್ಡ ಮಳೆಯ ಮರುದಿನ ಒಮ್ಮೆ ಒಡ್ಡಿನ ತಲೆ ಮತ್ತು ಎರಡೂ ಬುಡ ನಡೆದು ನೋಡಬೇಕು. ಜಾಲರಿಯ ಕಸ, ತೊಟ್ಟಿಯ ಹೂಳು ತೆಗೆಯುವ ಹೆಸರು ಯಾರದು ಎಂದು ಪಂಚಾಯಿತಿಯಲ್ಲಿ ಬರೆದಿಡಿ. ಮೇಲಿನ ಹೊಲಗಳಿಗೆ ಬದು, ಕೊರಕಲುಗಳಿಗೆ ಕಲ್ಲು ತಡೆ ಇಲ್ಲದಿದ್ದರೆ ಹೂಳು ಬೇಗ ತುಂಬುತ್ತದೆ. ಹೆಗ್ಗಣ, ಏಡಿ ಬಿಲಕ್ಕೆ ಬಾಯಿ ಮಾತ್ರ ಮುಚ್ಚಿದರೆ ಸಾಲದು. ಕೊನೆಯವರೆಗೆ ಅಗೆದು ಪದರ ಪದರವಾಗಿ ಬಡಿದು ತುಂಬಬೇಕು. ಎಮ್ಮೆ ಇಳಿಯುವ ಜಾಡು ಒಡ್ಡಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ತಲೆಯ ಉದ್ದಕ್ಕೆ ಸಾಗುವ ಬಿರುಕಿಗಿಂತ ಒಳಮೈಯಿಂದ ಹೊರಮೈಗೆ ಅಡ್ಡ ಸೀಳುವ ಬಿರುಕು ಬಹಳ ಕೆಟ್ಟದ್ದು. ಸುಣ್ಣದ ತಿಳಿ ಹುಯ್ದರೆ ಬಿರುಕಿನ ಜಾಡು ಬೆಳ್ಳಗೆ ಕಾಣುತ್ತದೆ. ಅದರ ತಳಕ್ಕಿಂತ 30 ಸೆಂ.ಮೀ. ಕೆಳಗಿನವರೆಗೆ ಅಗೆದು ಹದದ ಮಣ್ಣಿನಿಂದ ಮತ್ತೆ ಬಡಿಯಿರಿ.

ಹೊರಬುಡದಲ್ಲಿ ತಿಳಿನೀರು ಜಿನುಗಿದರೆ ಗುರುತು ಮಾಡಿ, ಎಷ್ಟು ಬರುತ್ತಿದೆ ಎಂದು ಬಕೆಟಿನಲ್ಲಿ ಅಳೆದು ಬರೆದಿಡಿ. ಕೆಂಪು ಅಥವಾ ಕಪ್ಪು ರಾಡಿ ಬಂದರೆ ಒಡ್ಡಿನ ಒಳಗಿನ ಮಣ್ಣೇ ಹೊರಬರುತ್ತಿದೆ ಎಂದರ್ಥ. ಆಗ ಮೊದಲ ಕೆಲಸ ಕೆಳಗಿನವರನ್ನು ಎತ್ತರಕ್ಕೆ ಕಳಿಸುವುದು, ತಹಶೀಲ್ದಾರ್ ಕಚೇರಿಗೆ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡುವುದು. ರಾಡಿ ಬರುವ ಬಾಯಿಗೆ ಎಂದೂ ಜೇಡಿ ಮೆತ್ತಬೇಡಿ, ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಮೊದಲು ಉಸುಕು, ಅದರ ಮೇಲೆ ಖಡಿ, ಅದರ ಮೇಲೆ ಕಲ್ಲು ಹೇರಿ, ಸುತ್ತ ಉಸುಕಿನ ಚೀಲದ ಉಂಗುರ ಕಟ್ಟಿ. ನೀರು ಹೊರಗೆ ಬರಲಿ, ಮಣ್ಣು ಬರಬಾರದು. ಇದಕ್ಕಾಗಿ ಎರಡು ಬ್ರಾಸ್ ಉಸುಕು, ಎರಡು ಬ್ರಾಸ್ ಖಡಿ, 200 ಖಾಲಿ ಚೀಲ ಮೇ ತಿಂಗಳಲ್ಲೇ ಒಡ್ಡಿನ ಹತ್ತಿರ, ನೀರು ಮುಟ್ಟದ ಎತ್ತರದಲ್ಲಿ ಸಂಗ್ರಹವಾಗಿರಲಿ. ನಡುರಾತ್ರಿ, ಕೆಸರಿನಲ್ಲಿ ಟ್ರ್ಯಾಕ್ಟರ್ ಬರುವುದಿಲ್ಲ.

ಕೋಡಿ ಹರಿದೂ ನೀರು ಏರುತ್ತಿದ್ದರೆ ಒಡ್ಡಿನ ನಡುವೆ ಕಾಲುವೆ ಕಡಿಯಲು ಹೋಗಬೇಡಿ. ಆ ಕಡಿತವೇ ನಿಮಿಷಗಳಲ್ಲಿ ಒಡಕಾಗುತ್ತದೆ. ಅಗಲ ಮಾಡುವುದಿದ್ದರೆ ಕೋಡಿಯನ್ನೇ, ಒಡ್ಡಿನಿಂದ ದೂರದ ದಿಬ್ಬದ ಬದಿಗೆ, ಹುಟ್ಟುನೆಲ ಕಡಿದು ಅಗಲ ಮಾಡಿ. ಆ ಬದಿಗೆ ಯಂತ್ರ ಹೋಗುವ ದಾರಿಯನ್ನು ಒಡ್ಡು ಕಟ್ಟುವಾಗಲೇ ಬಿಟ್ಟಿರಬೇಕು.